ಪುಟ್ಟ ಕಂಪ್ಯೂಟರಿಗೆ ತಂಪು ಫ್ಯಾನು: ಕೊಳ್ಳುವ ಮುನ್ನ ಸ್ಕೇಲು ಹಿಡಿಯಿರಿ

ಏಪ್ರಿಲ್ ತಿಂಗಳ ರಾಯಚೂರು ಎಂದರೆ ಕೇಳಬೇಕೆ? ಹೊರಗೆ ನಲವತ್ತು ಡಿಗ್ರಿ ಬಿಸಿಲು, ಒಳಗೆ ಫ್ಯಾನು ಹಾಕಿದರೂ ಬಿಸಿಗಾಳಿ. ಅಂಥ ಒಂದು ಮಧ್ಯಾಹ್ನ ನಮ್ಮ ಮನೆಯ ಪುಟ್ಟ ಕಂಪ್ಯೂಟರು ಗರ್‍ರೆಂದು ಸದ್ದು ಮಾಡಿ ತಟ್ಟನೆ ಆರಿಹೋಯಿತು. ಮಗಳ ಕಾಲೇಜಿನ ಪ್ರಾಜೆಕ್ಟು ಅದರಲ್ಲೇ. ನನ್ನ ಹಪ್ಪಳ-ಸಂಡಿಗೆ ವ್ಯಾಪಾರದ ಲೆಕ್ಕವೂ ಅದರಲ್ಲೇ. ಒಂದೇ ವಾರದಲ್ಲಿ ನಾಲ್ಕನೆಯ ಸಲ ಹೀಗಾದಾಗ ಚೀಲದಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದೆ.

“ಇದು ಇನ್ನ ನಡಿಯಂಗಿಲ್ರಿ ಅಕ್ಕಾರ. ಹೊಸಾದು ತಗೋರಿ, ಮೂವತ್ತು ಸಾವಿರದಾಗ ಚಲೋದು ಬರ್ತದ” ಎಂದ ಅಂಗಡಿಯ ಹುಡುಗ.

ಮೂವತ್ತು ಸಾವಿರ! ಮಗಳ ಮುಂದಿನ ವರ್ಷದ ಫೀಸಿಗೆಂದು ನಾನು ಕೂಡಿಟ್ಟಿದ್ದೇ ಅಷ್ಟು. ಏನೂ ಹೇಳದೆ ವಾಪಸು ತಂದೆ. ಕೊನೆಗೆ ಎರಡೂವರೆ ಸಾವಿರದೊಳಗೆ ಅದೇ ಕಂಪ್ಯೂಟರು ಸರಿಹೋಯಿತು. ನಡುವೆ ಒಂದು ತಪ್ಪನ್ನೂ ಮಾಡಿದೆವು. ಅದು ನಿಮಗಾಗದಿರಲಿ ಎಂದೇ ಈ ಬರಹ.

ಬಿಸಿ ಎಲ್ಲಿಂದ?

ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವುದು ಪ್ರೊಸೆಸರ್ ಎಂಬ ಚಿಪ್ಪು. ಮನೆಬಳಕೆಯ ಡೆಸ್ಕ್‌ಟಾಪುಗಳಲ್ಲಿ ಅನೇಕ ಚಿಪ್ಪುಗಳಿಗೆ 65 ವಾಟ್ ಎಂದು ಬರೆದಿರುತ್ತದೆ. ಹಳೆಯ ಅರವತ್ತು ವಾಟಿನ ಬಲ್ಬನ್ನು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಆ ಬಿಸಿ ಗೊತ್ತು. ಅಷ್ಟು ಬಿಸಿ ಇಲ್ಲಿ ಒಂದು ಉಗುರಿನಷ್ಟು ಜಾಗದಲ್ಲಿ ಹುಟ್ಟುತ್ತದೆ! ಕೆಲಸದ ಭರದಲ್ಲಿ ಅದಕ್ಕಿಂತ ಹೆಚ್ಚೂ ಆಗುವುದುಂಟು. ಬಿಸಿ 95-100 ಡಿಗ್ರಿಯ ಹತ್ತಿರ ಬಂದರೆ ಚಿಪ್ಪು ತಾನಾಗಿಯೇ ನಿಧಾನವಾಗುತ್ತದೆ. ಇನ್ನೂ ಏರಿದರೆ ಸುಟ್ಟುಹೋಗದಂತೆ ಕಂಪ್ಯೂಟರು ಆರಿಬಿಡುತ್ತದೆ. ಆರಿಹೋದ ಮಾತ್ರಕ್ಕೆ ಕೆಟ್ಟಿದೆ ಎಂದಲ್ಲ!

ಈ ಬಿಸಿಯನ್ನು ಹೊರಹಾಕುವುದೇ ಕೂಲರ್. ಚಿಪ್ಪಿನ ಮೇಲೊಂದು ಲೋಹದ ತಳ, ಅದಕ್ಕೆ ತೆಳು ರೆಕ್ಕೆಗಳು, ಮೇಲೊಂದು ಫ್ಯಾನು.

ಮೊದಲು ಧೂಳು ತೆಗೆಯಿರಿ

ದುಡ್ಡು ಬಿಚ್ಚುವ ಮುನ್ನ ಮುಚ್ಚಳ ಬಿಚ್ಚಿ. ಕರೆಂಟಿನ ವೈರು ಕಿತ್ತಿಟ್ಟು, ಒಣಗಿದ ಮೆತ್ತನೆಯ ಬ್ರಷ್ಷಿನಿಂದ ರೆಕ್ಕೆಗಳ ನಡುವಿನ ಧೂಳು ತೆಗೆಯಿರಿ. ಒದ್ದೆ ಬಟ್ಟೆ ಬೇಡ. ಗಾಳಿ ಊದುವಾಗ ಫ್ಯಾನು ಗಿರ್‍ರನೆ ತಿರುಗದಂತೆ ಬೆರಳಲ್ಲಿ ಹಿಡಿದಿರಿ. ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ವರ್ಷಗಳು ಕಳೆದಂತೆ ಒಣಗುತ್ತದೆ. ಅದನ್ನು ಬದಲಿಸಿದರೆ ಎಷ್ಟೋ ಕಂಪ್ಯೂಟರುಗಳಿಗೆ ಅಷ್ಟೇ ಸಾಕು.

ನಮ್ಮದರಲ್ಲಿ ಧೂಳು ಕಂಬಳಿಯಂತೆ ಕೂತಿತ್ತು. ಅದನ್ನೆಲ್ಲ ತೆಗೆದರೂ ಗರ್‍ರೆನ್ನುವ ಸದ್ದು ನಿಲ್ಲಲಿಲ್ಲ, ಫ್ಯಾನೇ ಸವೆದಿತ್ತು.

ನಾವು ಮಾಡಿದ ತಪ್ಪು

ಮಗಳು ಫೋನಿನಲ್ಲೇ ಹುಡುಕಿ ಒಂದು ಕೂಲರ್ ತರಿಸಿದಳು. ಡಬ್ಬದ ಮೇಲೆ ‘ಲೋ ಪ್ರೊಫೈಲ್’, ಅಂದರೆ ಗಿಡ್ಡದು, ಎಂದೇ ಇತ್ತು. ಕೂಡಿಸಿ ನೋಡಿದರೆ, “ಅವ್ವಾ, ಮುಚ್ಚಳಾನ ಕೂಡವಲ್ದು!” ಅದರ ಎತ್ತರ 65 ಮಿಲಿಮೀಟರ್, ನಮ್ಮ ಪೆಟ್ಟಿಗೆಯಲ್ಲಿದ್ದ ಜಾಗ 52. ವಾಪಸು ಕಳಿಸಲು ಎಂಟು ದಿನ ಹಿಡಿಯಿತು.

ಗಿಡ್ಡ ಎಂಬ ಮಾತಿಗೆ ಅಳತೆ ಇಲ್ಲ, ಮಿಲಿಮೀಟರಿಗೆ ಇದೆ. ಹಳೆಯ ಕೂಲರ್ ತೆಗೆದ ಮೇಲೆ ಪೆಟ್ಟಿಗೆಯ ಅಂಚಿಗೆ ಅಡ್ಡಲಾಗಿ ಒಂದು ಸ್ಕೇಲಿಟ್ಟು, ಅಲ್ಲಿಂದ ಚಿಪ್ಪಿನ ಮೇಲ್ಮೈಯವರೆಗೆ ಇನ್ನೊಂದು ಸ್ಕೇಲಿನಿಂದ ಅಳೆಯಿರಿ. ಅದರಲ್ಲಿ ಐದು ಮಿಲಿಮೀಟರನ್ನಾದರೂ ಗಾಳಿಗೆ ಬಿಡಿ. ಫ್ಯಾನಿನ ನೇರಕ್ಕೆ ಮುಚ್ಚಳದಲ್ಲಿ ತೂತುಗಳಿರಲೇಬೇಕು. ಇಲ್ಲದಿದ್ದರೆ ಅದೇ ಬಿಸಿಗಾಳಿ ಒಳಗೇ ಸುತ್ತುತ್ತದೆ.

ಕೊಳ್ಳುವಾಗ ನೋಡಬೇಕಾದ್ದು

ಎತ್ತರ: ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಚ್-ಎಲ್9 ಕೂಲರ್ 37 ಮಿಲಿಮೀಟರ್, ಸದ್ದು ಕಡಿಮೆ, ಬೆಲೆ ಹೆಚ್ಚು. ಥರ್ಮಲ್‌ರೈಟ್ ಕಂಪನಿಯ ಎಎಕ್ಸ್‌ಪಿ90-ಎಕ್ಸ್47 ಹೆಸರೇ ಹೇಳುವಂತೆ 47 ಮಿಲಿಮೀಟರ್, ಕೈಗೆಟಕುವ ಬೆಲೆ. ಜಾಗವಿದ್ದಷ್ಟು ಎತ್ತರದ್ದನ್ನೇ ಆರಿಸಿ. ರೆಕ್ಕೆ ಹೆಚ್ಚಿದ್ದರೆ ಫ್ಯಾನು ನಿಧಾನವಾಗಿ ತಿರುಗಿದರೂ ಸಾಕು, ಸದ್ದೂ ಕಡಿಮೆ.

ಅಗಲ: ಪಕ್ಕದಲ್ಲಿ ನಿಂತಿರುವ ಮೆಮೊರಿ ಪಟ್ಟಿಗೆ ತಾಗಬಾರದು. ಪುಟ್ಟ ಪೆಟ್ಟಿಗೆಗಳ ಮಿನಿ-ಐಟಿಎಕ್ಸ್ ಬೋರ್ಡು 17 ಸೆಂಟಿಮೀಟರ್ ಚೌಕ ಅಷ್ಟೇ, ಎಲ್ಲವೂ ಒತ್ತೊತ್ತಾಗಿರುತ್ತವೆ.

ಸಾಕೆಟ್: ಚಿಪ್ಪು ಕೂರುವ ಜಾಗದ ಹೆಸರು. ಇಂಟೆಲ್‌ನ ಎಲ್‌ಜಿಎ 1200ರಲ್ಲಿ ಸ್ಕ್ರೂ ತೂತುಗಳ ಅಂತರ 75 ಮಿಲಿಮೀಟರ್, 1700ರಲ್ಲಿ 78. ಎಎಂಡಿ ಚಿಪ್ಪುಗಳದು ಎಎಂ4, ಎಎಂ5. ನಿಮ್ಮ ಸಾಕೆಟ್ಟಿನ ಹೆಸರು ಡಬ್ಬದ ಮೇಲೆ ಇಲ್ಲದಿದ್ದರೆ ಕೊಳ್ಳಬೇಡಿ.

ತಾಮ್ರದ ಕೊಳವೆ: ತಾಮ್ರ ಅಲ್ಯೂಮಿನಿಯಮ್ಮಿಗಿಂತ ಬೇಗ ಬಿಸಿ ಸಾಗಿಸುತ್ತದೆ. ಕೊಳವೆಯೊಳಗೆ ಹನಿ ನೀರಿರುತ್ತದೆ. ಕುಕ್ಕರಿನಲ್ಲಿ ಒತ್ತಡ ಏರಿಸಿ ನೀರು ನೂರು ಡಿಗ್ರಿ ದಾಟಿ ಕುದಿಯುವಂತೆ ಮಾಡುತ್ತೇವಲ್ಲ, ಇಲ್ಲಿ ಅದರ ತಿರುವುಮುರುವು. ಗಾಳಿ ತೆಗೆದು ಒತ್ತಡ ಇಳಿಸಿರುವುದರಿಂದ ನೀರು ಸ್ವಲ್ಪ ಬಿಸಿಗೇ ಆವಿಯಾಗಿ ರೆಕ್ಕೆಗಳತ್ತ ಓಡುತ್ತದೆ. ಅಲ್ಲಿ ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹನಿಗಟ್ಟುವಂತೆ ನೀರಾಗಿ ಮರಳುತ್ತದೆ. ಇಂಥ ಕೊಳವೆಗಳಿರುವುದನ್ನೇ ಕೇಳಿ.

ಒಂದು ಎಚ್ಚರಿಕೆ. ಅಂಗೈಯಗಲದ ಮಿನಿ ಕಂಪ್ಯೂಟರುಗಳಲ್ಲಿ ಕೂಲರ್ ಆಯಾ ಮಾದರಿಗೆಂದೇ ಮಾಡಿದ್ದು; ಬೇರೆಯದು ಹೊಂದುವುದಿಲ್ಲ. ಅವಕ್ಕೆ ಧೂಳು ತೆಗೆಯುವುದು, ಪೇಸ್ಟ್ ಬದಲಿಸುವುದು ಇಷ್ಟೇ ಉಪಾಯ.

ಕೂಡಿಸುವಾಗ

ಕಿತ್ತುವ ಮುನ್ನ ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸಿ, ಆರಿಸಿ, ವೈರು ಕಿತ್ತಿಡಿ. ಬೆಚ್ಚಗಾದ ಪೇಸ್ಟ್ ಸಡಿಲವಾಗಿರುತ್ತದೆ. ಕೂಲರನ್ನು ಮೆಲ್ಲಗೆ ಅತ್ತಿತ್ತ ತಿರುವಿ ಎತ್ತಿ. ಎಎಂ4ರಲ್ಲಿ ನೇರ ಎಳೆದರೆ ಚಿಪ್ಪೇ ಕಿತ್ತು ಬಂದು ಅದರ ಕಾಲುಗಳು ಬಾಗಬಹುದು. ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಹೊಸದನ್ನು ಕಡಲೆಕಾಳಿನಷ್ಟು ಮಾತ್ರ ಹಾಕಿ. ಹೊಸ ಕೂಲರಿನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಕೀಳಲು ಮರೆಯಬೇಡಿ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಫ್ಯಾನಿನ ವೈರನ್ನು ‘ಸಿಪಿಯು ಫ್ಯಾನ್’ ಎಂದು ಬರೆದ ಕಡೆಗೇ ಸಿಕ್ಕಿಸಿ. ಧೈರ್ಯ ಸಾಲದಿದ್ದರೆ ಬಲ್ಲವರಿಂದ ಕೂಡಿಸಿ. ಅಳತೆ ಮಾತ್ರ ನಿಮ್ಮದೇ ಇರಲಿ.

ನಾವು 47 ಮಿಲಿಮೀಟರಿನದನ್ನು ಹಾಕಿದೆವು. ಅದೇ ಸೆಖೆಯಲ್ಲಿ, ಅದೇ ಕೆಲಸಕ್ಕೆ, ಮೊದಲು 98 ಡಿಗ್ರಿ ತೋರಿಸುತ್ತಿದ್ದ ಚಿಪ್ಪು ಈಗ 78ರಲ್ಲಿ ನಿಂತಿತು. ಕೋಣೆಯ ಸೆಖೆಗಿಂತ ತಂಪು ಮಾಡಲು ಯಾವ ಫ್ಯಾನಿಗೂ ಆಗದು; ಆದ್ದರಿಂದ ಕಂಪ್ಯೂಟರನ್ನು ಬಿಸಿಲು ಬೀಳುವ ಕಿಟಕಿಯಿಂದ ಈಚೆಗೆ ಸರಿಸಿದೆ.

ಮಗಳ ಪ್ರಾಜೆಕ್ಟು ಮುಗಿಯಿತು. ಜೂನ್‌ನಲ್ಲಿ ಫೀಸನ್ನೂ ಕಟ್ಟಿದೆ. ಹೊಲಿಗೆ ಪೆಟ್ಟಿಗೆಯಿಂದ ತೆಗೆದ ಆ ಸ್ಕೇಲು ಮಾತ್ರ ಇನ್ನೂ ಕಂಪ್ಯೂಟರ್ ಮೇಜಿನ ಮೇಲೇ ಇದೆ.