ನೀರಿನ ಮೇಲಣ ಎಣ್ಣೆಯೂ ಧ್ರುವಸಾಗರದ ಪ್ರಾಣಿಪ್ಲವಕಗಳ ಜೀವವ್ಯಾಪಾರವೂ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಮುರಕಲ್ಲಿನ ಇಳಿಜಾರುಗಳಲ್ಲಿ, ಒರತೆಯ ನೀರು ಅಡಕೆ ತೋಟದ ಕಣಿಗಳಿಗೆ ಬಸಿದು ನಿಲ್ಲುವೆಡೆ, ಕಾಮನಬಿಲ್ಲಿನ ಬಣ್ಣದ ತೆಳುಪೊರೆಯೊಂದು ಹರಡಿರುವುದನ್ನು ನಾವು ಅನೇಕ ವೇಳೆ ಕಾಣುತ್ತೇವೆ. ನೆಲದೊಳಗೆ ಎಣ್ಣೆಯಿದೆಯೆಂದೋ ಪಂಪಿನ ಡೀಸೆಲ್ ಸೋರಿತೆಂದೋ ಊಹಿಸುವುದು ಸಹಜ. ಹುಲ್ಲುಕಡ್ಡಿಯಿಂದ ಅದನ್ನು ಕಲಕಿ ನೋಡಬೇಕು. ಎಣ್ಣೆಯಾದರೆ ಸುಳಿಸುಳಿಯಾಗಿ ಮತ್ತೆ ಕೂಡಿಕೊಳ್ಳುತ್ತದೆ. ಈ ಪೊರೆಯಾದರೋ ಒಡೆದ ಗಾಜಿನಂತೆ ಚೂರುಚೂರಾಗಿ ಬೇರೆಯಾಗುತ್ತದೆ. ಆಮ್ಲಜನಕವಿಲ್ಲದ ನೆಲದ ನೀರಿನಲ್ಲಿ ಕರಗಿ ಬಂದ ಕಬ್ಬಿಣವು ಗಾಳಿ ಸೋಕಿದೊಡನೆ, ಲೆಪ್ಟೋತ್ರಿಕ್ಸ್ ಮೊದಲಾದ ಬ್ಯಾಕ್ಟೀರಿಯಗಳ ನೆರವಿನಿಂದ, ತುಕ್ಕಾಗಿ ಹೆಪ್ಪುಗಟ್ಟಿದುದೇ ಈ ಪೊರೆ. ಇಲ್ಲಿನ ತಳಶಿಲೆ ಅತಿ ಪ್ರಾಚೀನವಾದ ನೈಸ್. ಎಣ್ಣೆ ಹುಟ್ಟುವುದು ಜೀವಾವಶೇಷಗಳು ಹೂತು ಬೆಂದ ಜಲಜಶಿಲೆಗಳಲ್ಲಿ. ಆದುದರಿಂದ ಕುಮಾರಧಾರೆಯ ಅಥವಾ ಪಯಸ್ವಿನಿಯ ಜಲಾನಯನದಲ್ಲಿ ಎಣ್ಣೆಯ ಬುಗ್ಗೆಯನ್ನು ನಿರೀಕ್ಷಿಸುವಂತಿಲ್ಲ.

ಹಾಗಾದರೆ ನೆಲದೊಳಗಿಂದ ನಿಜವಾಗಿಯೇ ಎಣ್ಣೆ ಒಸರುವ ನೀರಿನಲ್ಲಿ ತೇಲುಜೀವಿಗಳ ಗತಿಯೇನು? ಇದಕ್ಕೆ ನಾವು ಉತ್ತರ ಧ್ರುವದ ಕಡೆಗೆ ನೋಡಬೇಕಾಗುತ್ತದೆ. ಅಲಾಸ್ಕದ ಸಿಂಪ್ಸನ್ ಭೂಶಿರ, ಬ್ಯಾಫಿನ್ ದ್ವೀಪದ ಸ್ಕಾಟ್ ಇನ್ಲೆಟ್, ಪಶ್ಚಿಮ ಗ್ರೀನ್‌ಲೆಂಡಿನ ನೂಸ್ಸುವಾಕ್ ಪರ್ಯಾಯದ್ವೀಪ, ಇಲ್ಲೆಲ್ಲ ಇಂಥ ಒಸರುಗಳುಂಟು. ಲೋಕದ ಸಮುದ್ರಗಳಿಗೆ ವರ್ಷಂಪ್ರತಿ ಸೇರುವ ಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧಪಾಲು, ಎಂದರೆ ಸುಮಾರು 6 ಲಕ್ಷ ಟನ್ನು, ನೈಸರ್ಗಿಕ ಒಸರಿನಿಂದಲೇ ಬರುತ್ತದೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಲಿಯು 2003ರಲ್ಲಿ ಅಂದಾಜು ಮಾಡಿತು. ನಿಸರ್ಗವೇ ಇಷ್ಟು ಸುರಿಸುತ್ತಿರುವಾಗ ಹಡಗಿನ ಎಣ್ಣೆಯಿಂದೇನು ಕೇಡು ಎಂಬ ವಾದ ಇದರಿಂದ ಹುಟ್ಟಿದೆ. ಈ ವಾದ ಸಡಿಲವಾದುದೆಂದು ನಮ್ಮ ಮತ. ಒಸರು ಹನಿಹನಿಯಾಗಿ ಯುಗಾಂತರಗಳಿಂದ ನಡೆದುಬಂದದ್ದು. ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಗಳು ಅಲ್ಲಿ ನೆಲೆಗೊಂಡಿವೆ. ಆದರೆ ತೇಲುಜೀವಿಗೆ ನೆಲೆಯೆಂಬುದಿಲ್ಲ. ಪ್ರವಾಹ ಒಯ್ದಲ್ಲಿಗೆ ಹೋಗುವ ಅದು ಎಣ್ಣೆಗೆ ಹೊಂದಿಕೊಳ್ಳಲು ಅವಕಾಶವೆಲ್ಲಿ?

ಧ್ರುವಸಾಗರದ ಮುಖ್ಯ ಪ್ರಾಣಿಪ್ಲವಕವೆಂದರೆ ಕಲಾನಸ್ ಜಾತಿಯ ಕೋಪಿಪಾಡ್‌ಗಳು. ಅಲ್ಪಕಾಲದ ವಸಂತದಲ್ಲಿ ಸಸ್ಯಪ್ಲವಕಗಳನ್ನು ಮೇದು, ಅದನ್ನು ಕೊಬ್ಬಾಗಿ ಕೂಡಿಟ್ಟು, ದೀರ್ಘವಾದ ಚಳಿಗಾಲವನ್ನು ಆಳದಲ್ಲಿ ಬಹುಮಟ್ಟಿಗೆ ನಿಶ್ಚೇಷ್ಟವಾಗಿ ಕಳೆಯುವುದು ಇವುಗಳ ಕ್ರಮ. ಕಲಾನಸ್ ಹೈಪರ್‌ಬೋರಿಯಸ್‌ನ ಒಣತೂಕದಲ್ಲಿ ಅರ್ಧಕ್ಕೂ ಮಿಕ್ಕಿ ಕೊಬ್ಬಿರುವುದುಂಟು. ಎಣ್ಣೆಯ ಸುಗಂಧಿ ಹೈಡ್ರೋಕಾರ್ಬನ್‌ಗಳು ನೀರಿಗಿಂತ ಕೊಬ್ಬಿನಲ್ಲಿ ಸುಲಭವಾಗಿ ಕರಗತಕ್ಕವು. ಹೀಗೆ ಪ್ರಾಣಿಯನ್ನು ಚಳಿಗಾಲದಲ್ಲಿ ಕಾಪಾಡುವ ಕಣಜವೇ ವಿಷದ ಉಗ್ರಾಣವೂ ಆಗುತ್ತದೆ. ಚಳಿಯಲ್ಲಿ ಕೊಬ್ಬು ಕರಗುತ್ತ ಹೋದಂತೆ ಅದು ಮತ್ತೆ ದೇಹಕ್ಕೂ ಮೊಟ್ಟೆಗಳಿಗೂ ಸಾಗುವ ಸಂಭವವುಂಟು.

ಜೀವವ್ಯಾಪಾರದ ಮೇಲೆ ಇದರ ಪರಿಣಾಮ ಒಂದೇ ದಿಕ್ಕಿನದಲ್ಲ. ಈ ದ್ರವ್ಯಗಳು ಜೀವಕೋಶದ ಪೊರೆಗಳಲ್ಲಿ ಸೇರಿದಾಗ ಪ್ರಾಣಿಗೆ ಒಂದು ಬಗೆಯ ಮಂಪರು ಕವಿದು, ಈಜು, ಮೇವು, ಉಸಿರಾಟಗಳು ಕುಗ್ಗುತ್ತವೆ. ಅವನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಹೊರದೂಡಲು ಕಿಣ್ವಗಳು ದುಡಿಯತೊಡಗಿದರೆ, ಆ ದುಡಿಮೆಗೆ ಶಕ್ತಿ ಬೇಕಾಗಿ ಆಮ್ಲಜನಕದ ಖರ್ಚು ಏರಲೂಬಹುದು. ಗ್ರೀನ್‌ಲೆಂಡಿನ ಡಿಸ್ಕೊ ಕೊಲ್ಲಿಯ ಕೋಪಿಪಾಡ್‌ಗಳನ್ನು ಪೈರೀನ್ ಎಂಬ ಹೈಡ್ರೋಕಾರ್ಬನ್ ಬೆರೆತ ನೀರಿನಲ್ಲಿಟ್ಟು ನೋಡಿದವರು ಅವು ಹಾಕುವ ಮಲದ ಗುಳಿಗೆಗಳನ್ನೆಣಿಸಿ ಮೇವು ತಗ್ಗಿದುದನ್ನು ಕಂಡಿದ್ದಾರೆ. ಸತ್ತವೆಷ್ಟು ಎಂದು ಎಣಿಸಿದರೆ ಸಾಲದು; ವಸಂತದ ಕೆಲವೇ ವಾರಗಳಲ್ಲಿ ಮೇವು ತಪ್ಪಿದ ಪ್ರಾಣಿ, ಬದುಕಿದ್ದರೂ, ಚಳಿಗಾಲಕ್ಕೆ ಬರಿಗೈಯಲ್ಲಿ ಇಳಿಯುತ್ತದೆ.

ಇಂಥ ಅಳತೆಯನ್ನು ನಮ್ಮ ಕಾಲೇಜು ವಿದ್ಯಾರ್ಥಿಗಳು ಊರ ಮದಕದ ಸೈಕ್ಲಾಪ್ಸ್‌ಗಳಿಂದಲೇ ಕಲಿಯಬಹುದು. ಬಿರಡೆ ಬಿಗಿದ ಸೀಸೆಯಲ್ಲಿ ಅವನ್ನಿಟ್ಟು, ಮೊದಲೂ ಕೊನೆಯೂ ವಿಂಕ್ಲರ್ ವಿಧಾನದಿಂದ ಆಮ್ಲಜನಕವನ್ನು ಅಳೆಯಬೇಕು. ಪ್ರಾಣಿಗಳಿಲ್ಲದ ಅದೇ ನೀರಿನ ಸೀಸೆಯೊಂದನ್ನು ಜೊತೆಯಲ್ಲಿ ಇಡದಿದ್ದರೆ ಬ್ಯಾಕ್ಟೀರಿಯಗಳ ಉಸಿರೂ ಸೈಕ್ಲಾಪ್ಸ್‌ನ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಬೆಚ್ಚನೆಯ ನೀರಿನಲ್ಲಿ ದೊರೆತ ಅಂಕಿಯನ್ನು ಹಿಮದ ನೀರಿಗೆ ಹಾಗೆಯೇ ಅನ್ವಯಿಸಲಾಗದು. ಶಾಖ ತಗ್ಗಿದಂತೆ ಉಸಿರಾಟದ ವೇಗವೂ ತಗ್ಗುತ್ತದೆ.