ಮೈನಸ್ ಇದ್ದರೂ ಬಲಕ್ಕೇಕೆ?

ಬೋಧನಾಭ್ಯಾಸಕ್ಕೆಂದು ಮಾಂಬಳ್ಳಿಯಲ್ಲಿ ಪ್ರಥಮ ಪಿಯುಸಿಗೆ ಅಲೆಗಳ ಪಾಠ ಮಾಡುತ್ತಿದ್ದೆ. ಬಲಕ್ಕೆ ಸಾಗುವ ಅಲೆಗೆ ವೈ = ಎಫ್(ಎಕ್ಸ್ − ವಿಟಿ) ಎಂದು ಬರೆದೆ. “ಮೈನಸ್ ಅಂದ್ರೆ ಎಡಕ್ಕಲ್ವಾ ಮಿಸ್?” ಎಂದಳು ಒಬ್ಬಳು. “ಸೂತ್ರ ಇರೋದೇ ಹಾಗೆ” ಎಂದುಬಿಟ್ಟೆ. ನಿಜ ಹೇಳಬೇಕೆಂದರೆ, ಕಾರಣ ನನಗೂ ಗೊತ್ತಿರಲಿಲ್ಲ.

ಮರುದಿನ ಹಗ್ಗ ತಂದು, ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ ಕುಲುಕಿದೆ. ಉಬ್ಬು ಓಡಿತು, ಹಗ್ಗಕ್ಕೆ ಕಟ್ಟಿದ್ದ ಕೆಂಪು ದಾರ ಮೇಲೆ ಕೆಳಗೆ ಆಡಿತಷ್ಟೆ. ಎಫ್‌ನ ಆವರಣದೊಳಗಿನ ಬೆಲೆ ಸೊನ್ನೆಯಾಗುವಲ್ಲಿ ಉಬ್ಬಿನ ನೆತ್ತಿ ಇರಲಿ. ವೇಗ ಸೆಕೆಂಡಿಗೆ 2 ಮೀಟರ್ ಆದರೆ, 3 ಸೆಕೆಂಡಿನಲ್ಲಿ ಎಕ್ಸ್ − 6 = 0; ನೆತ್ತಿ 6 ಮೀಟರ್ ಬಲಕ್ಕೆ. ಕಾಲ ಹೆಚ್ಚಿದಂತೆ ಕಳೆಯುವುದೂ ಹೆಚ್ಚುತ್ತದೆ, ಅದನ್ನು ಸರಿದೂಗಿಸಲು ಎಕ್ಸ್ ಬೆಳೆಯಲೇಬೇಕು. ಸೈನ್ ಅಲೆಯಲ್ಲೂ ಕೆಎಕ್ಸ್ − ಒಮೆಗಾಟಿ ಸ್ಥಿರವಾಗಿರುವ ಬಿಂದುವನ್ನು ಹಿಂಬಾಲಿಸಿದರೆ ವೇಗ ಒಮೆಗಾ/ಕೆ ಎಂದು ಸಿಗುತ್ತದೆ.

“ಹಾಗಾದ್ರೆ ಪ್ಲಸ್ ಹಾಕಿದ್ರೆ?” ಎಂದೆ. ಅದೇ ಹುಡುಗಿ ಎದ್ದು ಬಂದು ಬೋರ್ಡಿನ ಮೇಲೆ ಎಕ್ಸ್ = −6 ಎಂದು ಬರೆದಳು.