ಹೊಸ ಊರಿನ ರಸ್ತೆ, ಹಳೆಯ ಊರಿನ ಸ್ಕೂಟರು

ಊರಿನಿಂದ ನಾಗಪುರಕ್ಕೆ ಕೆಲಸಕ್ಕೆಂದು ಬರುವ ನಮ್ಮ ತರುಣರಲ್ಲಿ ಕೆಲವರು ಹಾಸಿಗೆ ಪೆಟ್ಟಿಗೆಗಳ ಜೊತೆಗೆ ಸ್ಕೂಟರನ್ನೂ ರೈಲಿಗೆ ಹಾಕಿ ತರುತ್ತಾರೆ. ಸಂತೋಷವೇ. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚಬೇಕಾದವನಿಗೆ ಮೆಟ್ರೋ ಗಾಡಿಯು ಆ ಹೊತ್ತಿನಲ್ಲಿ ಒದಗುವುದಿಲ್ಲ. ಆದರೆ ಬಂದ ಮರುದಿನವೇ ಗಾಡಿಯೇರಿ ಹೊರಟವರನ್ನು ಕಂಡಾಗ ನಮ್ಮದೇ ಒಂದು ಹಳೆಯ ತಪ್ಪು ನೆನಪಾಗಿ ಮನಸ್ಸು ಅಳುಕುತ್ತದೆ. ಅದನ್ನು ಮುಂದೆ ಹೇಳುತ್ತೇವೆ.

ಈ ಊರಿನಲ್ಲಿ ದಾರಿ ಕೇಳಿದರೆ ಸಾಮಾನ್ಯವಾಗಿ ರಸ್ತೆಯ ಹೆಸರನ್ನಲ್ಲ, ಚೌಕದ ಹೆಸರನ್ನು ಹೇಳುತ್ತಾರೆ. ವೆರೈಟಿ ಚೌಕ, ಝಾಂಸಿ ರಾಣಿ ಚೌಕ, ರಹಾಟೆ ಕಾಲೊನಿ ಚೌಕ, ಅಜನಿ ಚೌಕ: ಸೀತಾಬರ್ಡಿಯಿಂದ ವರ್ಧಾ ರಸ್ತೆ ಹಿಡಿದು ದಕ್ಷಿಣಕ್ಕೆ ಹೋಗುವವನು ಇವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಳ್ಳಬೇಕು. ಮರಾಠಿಯವರು ‘ಡಾವೀಕಡೆ’ ಎಂದರೆ ಎಡಕ್ಕೆ, ‘ಉಜವೀಕಡೆ’ ಎಂದರೆ ಬಲಕ್ಕೆ. ಹಿಂದಿಯವರ ‘ಬಾಯೇ’, ‘ದಾಯೇ’ಗಳು ಹೊಸಬನ ಕಿವಿಗೆ ಒಂದೇ ತೆರನಾಗಿ ಕೇಳಿಸುವುದರಿಂದ, ಹೇಳುವವನ ಬಾಯಿಗಿಂತ ಕೈಯನ್ನು ನೋಡುವುದು ಕ್ಷೇಮ. ಮೊದಲ ವಾರ ಬಸ್ಸಿನಲ್ಲಿಯೋ ನಡೆದೋ ಹೋಗಿ ದಾರಿಯನ್ನು ಕಣ್ಣಿಗೆ ರೂಢಿ ಮಾಡಿಕೊಂಡು, ಭಾನುವಾರದ ನಸುಕಿನಲ್ಲಿ ಗಾಡಿ ಹೊರತೆಗೆಯಬೇಕೆಂಬುದು ನಮ್ಮ ಅಭಿಪ್ರಾಯ.

ವರ್ಧಾ ರಸ್ತೆಯ ಎರಡಂತಸ್ತಿನ ಸೇತುವೆಯಲ್ಲಿ ಹೊಸಬರು ಮೋಸಹೋಗುವುದುಂಟು. 2020ರಲ್ಲಿ ತೆರೆದ, 3.14 ಕಿಲೋಮೀಟರು ಉದ್ದದ ಈ ಸೇತುವೆಯಲ್ಲಿ ಮೇಲೆ ಮೆಟ್ರೋ, ನಡುವೆ ವಾಹನ, ಕೆಳಗೆ ಹಳೆಯ ರಸ್ತೆ. ಛತ್ರಪತಿ ಚೌಕಕ್ಕೆ ಹೋಗಬೇಕಾದವನು ಕೆಳಗಿನ ರಸ್ತೆಯಲ್ಲಿಯೇ ಇರಬೇಕು. ಒಮ್ಮೆ ಸಾಂಬಾರಿನ ಪಾತ್ರೆಗಳೊಡನೆ ನಾವೇ ಸೇತುವೆಯನ್ನೇರಿ, ಚೌಕವು ಕೆಳಗೆ ಹಾದುಹೋಗುವುದನ್ನು ನೋಡುತ್ತ ವಿಮಾನ ನಿಲ್ದಾಣದ ಕಡೆಗೆ ಇಳಿದೆವು.

ಮಹಾಲ, ಇತವಾರಿಗಳ ಗಲ್ಲಿಗಳಲ್ಲಿ ಗಾಡಿಗಿಂತ ಕಾಲೇ ಬೇಗ. ಪೋಳಾ ಹಬ್ಬದ ಮರುದಿನ ಮಾರಬತ್ ಮೆರವಣಿಗೆ, ದಸರೆಯಲ್ಲಿ ದೀಕ್ಷಾಭೂಮಿಯ ಜನಸಾಗರ, ಚಳಿಗಾಲದ ಶಾಸನಸಭೆ ಕೂಡಿದಾಗಿನ ಮೋರ್ಚಾಗಳು. ಆ ದಿನಗಳಲ್ಲಿ ಯಾವ ರಸ್ತೆ ಮುಚ್ಚಿದೆಯೆಂದು ಹಿಂದಿನ ದಿನವೇ ವಿಚಾರಿಸಬೇಕು. ಮಳೆಗಾಲದಲ್ಲಿ ಆಳ ತಿಳಿಯದ ನೀರಿಗೆ ಇಳಿಯಬಾರದು. 2023ರ ಸೆಪ್ಟೆಂಬರ್ 23ರ ನಸುಕಿನಲ್ಲಿ ಅಂಬಾಝರಿ ಕೆರೆ ಕೋಡಿ ಹರಿದು ನಾಗನದಿ ಉಕ್ಕಿದಾಗ, ನಿಲ್ಲಿಸಿದ್ದ ಕಾರುಗಳೂ ತೇಲಿದುವು.

ಇನ್ನು ನಮ್ಮ ತಪ್ಪು. ನಾವು ಹೋಟೆಲು ನಡೆಸುತ್ತಿದ್ದಾಗ ಕುಂದಾಪುರದ ಕಡೆಯ ಹುಡುಗನೊಬ್ಬ ನಮ್ಮಲ್ಲಿ ಮಾಣಿಯಾಗಿದ್ದನು. ಅವನಿಗೆ ಲೈಸೆನ್ಸು ಇಲ್ಲವೆಂಬುದು ನಮಗೆ ತಿಳಿದೇ ಇತ್ತು. ಆದರೂ ಒಂದು ಮುಂಜಾನೆ ತರಕಾರಿಗೆ ಬೇರೆ ಜನ ಇಲ್ಲವೆಂದು ಬೀಗದ ಕೈಯನ್ನು ಅವನ ಕೈಗಿತ್ತೆವು. ಕಾಟನ್ ಮಾರ್ಕೆಟ್ಟಿನಿಂದ ಹಿಂದಿರುಗುವಾಗ ಅವನು ಮುಂದಿನ ಚೌಕದಲ್ಲಿ ತಿರುಗಿ ಬರುವ ಬದಲು, ಸ್ವಲ್ಪ ದೂರ ಉಳಿಯುವುದೆಂದು ಎದುರು ದಿಕ್ಕಿನಲ್ಲಿ ನುಗ್ಗಿ ಆಟೋವೊಂದಕ್ಕೆ ಢಿಕ್ಕಿ ಹೊಡೆದನು. ಅವನ ಕಾಲು ಮುರಿಯಿತು, ಆಟೋದಲ್ಲಿದ್ದ ವೃದ್ಧೆಯ ಕೈ ಮುರಿಯಿತು. ಲೈಸೆನ್ಸಿಲ್ಲದ ಕಾರಣ ವಿಮೆಯ ಹಣಕ್ಕೆ ತಕರಾರು ಬಂದಿತು. ನಾಲ್ಕು ತಿಂಗಳು ಹುಡುಗನು ಹಾಸಿಗೆ ಹಿಡಿದನು. ಅವನು ಕಳಿಸುತ್ತಿದ್ದ ಹಣದಲ್ಲಿಯೇ ಊರಿನಲ್ಲಿ ತಂಗಿಯ ಓದು ನಡೆಯುತ್ತಿತ್ತು. ಪೊಲೀಸರು ಅವನಿಗಿಂತ ನಮ್ಮನ್ನೇ ಹೆಚ್ಚು ಪ್ರಶ್ನಿಸಿದರು. ಅದು ನ್ಯಾಯವೇ. 2019ರ ತಿದ್ದುಪಡಿಯ ಪ್ರಕಾರ ಲೈಸೆನ್ಸಿಲ್ಲದೆ ಓಡಿಸಿದವನಿಗೆ ಹೇಗೋ ಹಾಗೆಯೇ ಅವನಿಗೆ ಗಾಡಿ ಕೊಟ್ಟ ಧಣಿಗೂ 5000 ರೂಪಾಯಿ ದಂಡ ವಿಧಿಸಬಹುದು. ಧಣಿಯೇ ಹೇಳಿದರೂ ‘ನನಗೆ ಲೈಸೆನ್ಸಿಲ್ಲ’ ಎನ್ನಲು ನಮ್ಮ ಹುಡುಗರು ಅಂಜಬಾರದು.

ಕರ್ನಾಟಕದ ಲೈಸೆನ್ಸು ಇಲ್ಲಿಯೂ ನಡೆಯುತ್ತದೆ. ಗಾಡಿಯ ಮಾತು ಬೇರೆ. ಕೆಎ 20ರ ಗಾಡಿಯು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಉಳಿಯುವುದಾದರೆ ಮಹಾರಾಷ್ಟ್ರದ ಸಂಖ್ಯೆಯನ್ನು ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಅದಕ್ಕೆ ಊರಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಸಾಲದ ಗಾಡಿಯಾದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು. ಇಲ್ಲಿ ತೆರಿಗೆ ಕಟ್ಟಿ ಹೊಸ ಸಂಖ್ಯೆ ಪಡೆದ ಮೇಲೆ, ಅಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಹಿಂದಕ್ಕೆ ಕೇಳಬಹುದು. ಅನೇಕರು ಇದನ್ನು ಅರಿಯದೆ ಹಣ ಬಿಟ್ಟುಕೊಡುತ್ತಾರೆ.

ನಿರಾಕ್ಷೇಪಣಾ ಪತ್ರದ ಅರ್ಜಿ 28ನೆಯ ನಮೂನೆಯಲ್ಲಿದೆ. ಮೇಲೆ ಹೇಳಿದ ಹುಡುಗನೇ ಈಗ ನಮ್ಮ ಕಚೇರಿಯಲ್ಲಿ ಗುಮಾಸ್ತನಾಗಿದ್ದಾನೆ. ಸಂಜೆ ಆರರ ಬಳಿಕ ಕಾಗದಪತ್ರಗಳೊಡನೆ ಬಂದರೆ ತುಂಬಿಕೊಡುತ್ತಾನೆ.